ಕಚೇರಿಗೆ ತಲುಪದ ನೋಟೀಸು

ಘಾಲಾ, ಮಸ್ಕತ್
೧೨ ಫೆಬ್ರವರಿ ೧೯೯೨

ವಕೀಲ ಜೂಲಿಯನ್‌ಗೆ,

‘ಪ್ರೀತಿಯ’ ಎಂದು ಬರೆಯಲು ಕೈ ಬರಲಿಲ್ಲ. ಈ ಕಾಗದವನ್ನು ರಿಜಿಸ್ಟರ್ ಮಾಡಿ ನಿನ್ನ ಆಫೀಸಿಗೇ ಕಳಿಸುತ್ತಿದ್ದೇನೆ. ಮನೆಗೆ ಬಂದದ್ದು ಬಂದಂತೆ ಅಲ್ಲ ಎಂದು ನೀನೇ ಕೋರ್ಟಿನಲ್ಲಿ ಸಾಧಿಸಿದ್ದೀಯಲ್ಲ!

ತಂಗಿ ಬೀಟ್ರಿಸ್ ಕಳಿಸಿದ ತೀರ್ಪಿನ ನಕಲು ನಿನ್ನೆ ಸಿಕ್ಕಿತು. ಪುರಸಭೆಯ ಮೇಲೆ ದಾವೆ ಹೂಡುವವನು ಮೊದಲು ಅದರ ಕಚೇರಿಯಲ್ಲಿ ನೋಟೀಸು ಕೊಡಬೇಕು ಎಂದು ಬ್ರಿಟಿಷರು ಬರೆದಿಟ್ಟ ಕಲಮು ಇಂದಿನ ಕಾನೂನಿನಲ್ಲೂ ಹಾಗೆಯೇ ಕುಳಿತಿದೆ. ವಕೀಲರ ಮನೆಯಲ್ಲಿ ಕೊಟ್ಟದ್ದು ಕಚೇರಿಯಲ್ಲಿ ಕೊಟ್ಟಂತಾಗದು, ಆದ್ದರಿಂದ ದಾವೆ ವಜಾ. ಹೊಸದಾಗಿ ಹೂಡೋಣವೆಂದರೆ ಆರು ತಿಂಗಳ ಗಡುವು ಎಂದೋ ಮುಗಿದಿದೆ. ರಸ್ತೆಯನ್ನು ಒತ್ತುವರಿ ಮಾಡಿದೆ ಎಂದು ಸುಳ್ಳು ಅಳತೆ ತೋರಿಸಿ ಪುರಸಭೆಯವರು ಕೆಡವಿದ ನನ್ನ ತಂಗಿಯ ಹೊಲಿಗೆ ಕ್ಲಾಸಿನ ಬಗ್ಗೆ ಆರು ಪುಟಗಳಲ್ಲಿ ಒಂದೇ ಸಾಲು. ಗಂಡ ಹೋದ ಮೇಲೆ ಅವಳು ಮಗಳನ್ನು ಸಾಕಿದ್ದು ಆ ಕೋಣೆಯಿಂದ.

ಇಲ್ಲಿ ನಾವು ಕಾಗದವನ್ನು ಅಂಚೆಗೆ ಹಾಕುವುದೇ ಅಪರೂಪ. ರಜೆಗೆ ಊರಿಗೆ ಹೊರಟವರ ಕೈಯಲ್ಲಿ ಕೊಡುತ್ತೇವೆ, ಮೂರೇ ದಿನಕ್ಕೆ ತಲುಪುತ್ತದೆ. ಜಾಗ ನನ್ನ ಹೆಸರಿನಲ್ಲಿತ್ತು, ನೋಟೀಸು ನಾನೇ ಕೊಡಬೇಕಿತ್ತು, ಆದರೆ ಪಾಸ್‌ಪೋರ್ಟ್ ನನ್ನ ಅರಬ್ ಧಣಿ ಕಫೀಲನ ಬೀರುವಿನಲ್ಲಿತ್ತು. ನಮ್ಮ ವರ್ಕ್‌ಶಾಪಿನ ಮೆಕ್ಯಾನಿಕ್ ಕ್ಯಾಸ್ಮಿರ್ ಹೊರಟಿದ್ದ. ನೋಟೀಸು ಪುರಸಭೆಗೆ, ಖರ್ಜೂರದ ಪೊಟ್ಟಣ ನಿನಗೆ ಎಂದು ಹೇಳಿ ಎರಡನ್ನೂ ಅವನಿಗೆ ಒಪ್ಪಿಸಿದೆ. ಅವನು ಮೊದಲು ನಿನ್ನ ಮನೆಗೆ ಬಂದ.

“ಆಫೀಸಿಗೆ ಯಾಕೆ ಅಲೆಯುದು ಮಾರಾಯ? ಪುರಸಭೆಯ ವಕೀಲ ನಾನೇ ಅಲ್ವಾ? ನನ್ನ ಕೈಗೆ ಕೊಟ್ರೆ ಆಯ್ತು” ಎಂದು ನೀನು ಎರಡನ್ನೂ ಇಟ್ಟುಕೊಂಡೆ. ಕ್ಯಾಸ್ಮಿರ್ ರಜೆ ಮುಗಿಸಿ ಬಂದು ಅದನ್ನು ಹೇಳಿದಾಗ ನಾನು ಹಿಗ್ಗಿದೆ. ಎರಡು ವರ್ಷ ನಿನ್ನ ಪಕ್ಕದಲ್ಲೇ ಕುಳಿತು ಕಾನೂನು ಓದಿದವನು, ರಸೀದಿ ಬೇಕೆಂದು ನನಗೆ ಹೊಳೆಯಲಿಲ್ಲ. ನಿನ್ನ ಹತ್ತಿರ ರಸೀದಿ ಕೇಳುವುದೇ? “ತಪ್ಪು ನಂದೇ ಆಸ್ವಾಲ್ಡ್, ಖಲಾಸ್” ಎಂದು ಕ್ಯಾಸ್ಮಿರ್ ಇವತ್ತು ಊಟ ಬಿಟ್ಟು ಎದ್ದುಹೋದ.

ಕಾಲೇಜಿನ ಅಣಕು ನ್ಯಾಯಾಲಯದಲ್ಲಿ ನಿನಗೆ ಬಂದದ್ದು ಇದೇ ಕಲಮು. ಬ್ರಿಟಿಷರ ಕಾಲದ ನ್ಯಾಯಾಧೀಶರಲ್ಲಿ ಕೆಲವರು ಅದರ ಒಂದೊಂದು ಅಕ್ಷರಕ್ಕೂ ಜೋತುಬಿದ್ದರು. ಕೆಲವರು, ತಪ್ಪು ತಿದ್ದಿಕೊಳ್ಳಲು ಪುರಸಭೆಗೆ ಸಮಯ ಸಿಕ್ಕಿದರೆ ಸಾಕು, ಕಲಮಿನ ಉದ್ದೇಶ ಅಷ್ಟೇ ಎಂದರು. ನೀನು ಎರಡನೆಯವರ ಪರ ನಿಂತು, ಕಾನೂನು ಇಲಿಬೋನಲ್ಲ ಎಂದು ಮೇಜು ಕುಟ್ಟಿದ್ದೆ. ನಿನಗಾಗಿ ಪುಸ್ತಕ ಹೊತ್ತಿದ್ದ ನನ್ನ ಕಣ್ಣು ತುಂಬಿತ್ತು. ಈ ಸಲ ಮೊದಲನೆಯವರ ತೀರ್ಪನ್ನು ಹುಡುಕಿ ತೆಗೆದಿದ್ದೀಯ. ಇರಲಿ, ಕಕ್ಷಿದಾರನ ಪರ ವಾದಿಸುವುದು ವಕೀಲನ ಕೆಲಸ. ಆದರೆ ಜೂಲಿಯನ್, ಕ್ಯಾಸ್ಮಿರ್ ನಿನ್ನ ಜಗಲಿ ಹತ್ತಿದಾಗ ಗಡುವಿಗೆ ಇನ್ನೂ ಎರಡು ತಿಂಗಳಿತ್ತು. ‘ಇಲ್ಲಿ ಬೇಡ, ಆಫೀಸಿಗೆ ಹೋಗು’ ಎಂಬ ಒಂದು ಮಾತು ಸಾಕಿತ್ತು. ನೀನು ಬಾಯಿ ಮುಚ್ಚಿ ದಿನ ಎಣಿಸಿದೆ. ತೀರ್ಪಿನಲ್ಲಿ ಖರ್ಜೂರದ ಪ್ರಸ್ತಾಪವಿಲ್ಲ. ಅದನ್ನು ಕಚೇರಿಯಲ್ಲೇ ಕೊಡಬೇಕೆಂಬ ಕಲಮು ಇರಲಿಲ್ಲವೇನೋ.

ಬೀಟ್ರಿಸ್ ಈಗ ಪೇಟೆಯಲ್ಲಿ ಇನ್ನೊಬ್ಬರ ಅಂಗಡಿಯಲ್ಲಿ ಗುಂಡಿ ಹೊಲಿಯುತ್ತಾಳೆ. ಇಂಗ್ಲಿಷ್ ತೀರ್ಪು ಅವಳಿಗೆ ಓದಲು ಬರುವುದಿಲ್ಲ. “ಜೂಲಿಯನ್ ಪುರಸಭೆ ಪರ ನಿಂತದ್ದು ಅವನ ಕೆಲ್ಸ, ಅವನ ಮೇಲೆ ನಂಗೆ ಸಿಟ್ಟಿಲ್ಲ. ಕೇಸು ಯಾಕೆ ಸೋತದ್ದು ಅಂತ ನೀನಾದ್ರೂ ಹೇಳು” ಎಂದು ಬರೆದಿದ್ದಾಳೆ. ಅವಳ ಮಗಳ ದೀಕ್ಷಾಸ್ನಾನಕ್ಕೆ ಗಾಡ್‌ಫಾದರ್ ಆಗಿ ನಿಂತವನು ನೀನು. ರಾತ್ರಿಯ ಪ್ರಾರ್ಥನೆಯಲ್ಲಿ ತಾಯಿ ಮಗಳು ಇಂದಿಗೂ ನಿನ್ನ ಹೆಸರು ಹೇಳುತ್ತಾರೆ.

ನೋಟೀಸನ್ನು ತಪ್ಪು ಜಾಗಕ್ಕೆ ಕಳಿಸಿದವನು ನಾನೇ ಎಂದು ಅವಳಿಗೆ ಉತ್ತರ ಬರೆದಿದ್ದೇನೆ. ಇದು ನಿನ್ನ ಮಾನ ಉಳಿಸಲು ಅಲ್ಲ. ಕೋಣೆ ಕಳೆದುಕೊಂಡವಳು ಮನುಷ್ಯರ ಮೇಲಿನ ನಂಬಿಕೆಯನ್ನೂ ಕಳೆದುಕೊಳ್ಳುವುದು ಬೇಡ ಎಂದು.

ಅವರ ಪ್ರಾರ್ಥನೆ ನಿನ್ನನ್ನು ಕಾಯಲಿ. ನಿನಗಾಗಿ ಪ್ರಾರ್ಥಿಸಲು ನನ್ನಿಂದ ಆಗದು.

ಒಂದು ಕಾಲಕ್ಕೆ ನಿನ್ನವನಾಗಿದ್ದ,
ಆಸ್ವಾಲ್ಡ್