ಐವತ್ತು ಕಲ್ಲು, ಎಪ್ಪತ್ತು ಕಿಲೋ

ಏಪ್ರಿಲ್ 9, ಬೆಳಿಗ್ಗೆ 11.20

ಹನ್ನೆರಡನೇ ಲಾರಿ. ಮರಳು. ಮೇಲೆ ಒಣಗಿದ ಹಾಗೆ ಕಾಣುತ್ತದೆ, ಕೆಳಗಿನಿಂದ ನೀರು ತೊಟ್ಟಿಕ್ಕುತ್ತಿದೆ. ಡ್ರೈವರ್‌ನನ್ನು ಇಳಿಸಿ ಕೇಳಿದೆ, "ಇದೇನಪ್ಪ, ಮರಳು ತಂದ್ಯೋ ಕೆರೆ ತಂದ್ಯೋ?"

"ದಾರೀಲಿ ಮಳೆ ಬಂತು ಮೇಡಂ."

ಆಕಾಶದಲ್ಲಿ ಹೆಸರಿಗೂ ಒಂದು ಮೋಡವಿಲ್ಲ. ನೀರು ಸೋರಿ ಮುಗಿಯುವವರೆಗೆ ಲಾರಿಯನ್ನು ಬದಿಗೆ ನಿಲ್ಲಿಸಿದೆ. ಮರಳಿನ ತೂಕ ಬರೆದುಕೊಳ್ಳುತ್ತೇನೆ, ನೀರಿನದಲ್ಲ. ಹದಿನೆಂಟು ವರ್ಷದಿಂದ ಲಾರಿ ತೂಗುವ ಈ ವೇಬ್ರಿಡ್ಜ್ ಕ್ಯಾಬಿನ್ನಿನಲ್ಲಿ ಕೂತಿದ್ದೇನೆ. ತೂಕದ ವಿಷಯದಲ್ಲಿ ನನ್ನ ಕಣ್ಣಿಗೆ ಮಣ್ಣೆರಚುವವರು ಇನ್ನೂ ಹುಟ್ಟಿಲ್ಲ. ಕೂತೂ ಕೂತೂ ನಾನೇ ಒಂದು ಲೋಡ್ ಆಗಿದ್ದೇನೆ, ಅದು ಬೇರೆ ಮಾತು. ಇವತ್ತು ಬೆಳಿಗ್ಗೆ 78.2 ಕಿಲೋ.

ಮುಖ್ಯ ವಿಷಯ ಬರೆಯುವುದೇ ಮರೆತೆ. ಟೆಸ್ಟರ್ ಅಣ್ಣ ಬಂದಿದ್ದರು. ವರ್ಷಕ್ಕೆರಡು ಸಲ ವ್ಯಾನಿನಲ್ಲಿ ಇಪ್ಪತ್ತು ಕಿಲೋದ ಕಬ್ಬಿಣದ ತೂಕದ ಕಲ್ಲುಗಳನ್ನು ತರುತ್ತಾರೆ. ಒಂದೊಂದಾಗಿ ಹೊತ್ತು ನಮ್ಮ ವೇಬ್ರಿಡ್ಜ್ ಮೇಲಿಟ್ಟು, ಅದು ನಿಜ ಹೇಳುತ್ತಿದೆಯೋ ಸುಳ್ಳು ಹೇಳುತ್ತಿದೆಯೋ ನೋಡುತ್ತಾರೆ.

"ಇದೇ ಕಡೇ ವರ್ಷ ಕಣಮ್ಮ. ಸೊಂಟ ಕೈಕೊಡ್ತು. ನನ್ನ ಜಾಗಕ್ಕೆ ಆಗಸ್ಟ್ ಇಪ್ಪತ್ನಾಲ್ಕಕ್ಕೆ ಪರೀಕ್ಷೆ ಇಟ್ಟಿದ್ದಾರೆ. ನಿನ್ನ ಹೆಸರು ಬರಸ್ಲಾ?"

ಪರೀಕ್ಷೆ ಎರಡು. ಐವತ್ತು ಕಲ್ಲನ್ನು ವ್ಯಾನಿನಿಂದ ವೇಬ್ರಿಡ್ಜ್‌ಗೆ, ಹತ್ತು ಹೆಜ್ಜೆ ದೂರ, ಹದಿನೈದು ನಿಮಿಷದಲ್ಲಿ ಸಾಗಿಸಬೇಕು. ಆಮೇಲೆ ಡಾಕ್ಟರ್ ಎದುರು ತೂಕ. ನನ್ನ ಎತ್ತರಕ್ಕೆ ಎಪ್ಪತ್ತು ಕಿಲೋ ದಾಟಬಾರದು.

ಬರೆಸಿ ಅಂದೆ. ಊರೂರು ತಿರುಗುವ ಕೆಲಸ. ನನಗೆ ಹದಿನೆಂಟು ವರ್ಷದಿಂದ ಒಂದೇ ಕಿಟಕಿ. ಮಲಗುವ ಮುನ್ನ ಬರೆದದ್ದು: ಖುಷಿಗೆ ಮಧ್ಯಾಹ್ನ ಊಟವೇ ಸೇರಲಿಲ್ಲ. ರಾತ್ರಿ ಸೇರಿತು — ಎರಡು ಸಲ.

ಏಪ್ರಿಲ್ 13

ಸೈಕಲ್ ಅಂಗಡಿಯ ಮಹಡಿ ಮೇಲಿನ ಜಿಮ್. ಮೆಟ್ಟಿಲು ಹತ್ತುವುದರಲ್ಲೇ ಅರ್ಧ ಕಸರತ್ತು ಮುಗಿಯಿತು. ಕೋಚ್ ನನಗಿಂತ ಹದಿನಾರು ವರ್ಷ ಚಿಕ್ಕವಳು. ತೋಳು ಮಾತ್ರ ನಮ್ಮ ಗೇಟಿನ ಕಂಬದ ಹಾಗಿದೆ.

"ಅಕ್ಕಾ, ಕೊಬ್ಬು ಇಳೀಬೇಕು, ಬಲ ಏರ್ಬೇಕು. ಎರಡೂ ಒಟ್ಟಿಗೆ ಆಗುತ್ತೆ. ಆದ್ರೆ ತಿನ್ಬೇಕು. ಈಗ ತಿನ್ನೋದಕ್ಕಿಂತ ಸ್ವಲ್ಪ ಕಡಿಮೆ, ಅಷ್ಟೇ. ಉಪವಾಸ ಬಿದ್ರೆ ಕೆಟ್ರಿ."

ಚೀಟಿ ಬರೆದುಕೊಟ್ಟಳು. ಬೆಳಿಗ್ಗೆ ಓಟ್ಸ್ 60 ಗ್ರಾಂ, ಮೊಟ್ಟೆ ಮೂರು. ಮಧ್ಯಾಹ್ನ ಅಕ್ಕಿ 90, ಬೇಳೆ 40, ಮೊಸರು, ತರಕಾರಿ ಬೇಕಾದಷ್ಟು. ರಾತ್ರಿ ಹೆಚ್ಚುಕಡಿಮೆ ಅದೇ, ಜೊತೆಗೆ ಕೋಳಿ. "ತೂಕ ಮಾಡಿ ತಿನ್ನೋ ಅಭ್ಯಾಸ ಇದ್ಯಾ?" ಅಂತ ಬೇರೆ ಕೇಳಿದಳು. ಮೀನನ್ನು ಹಿಡಿದು ಈಜು ಬರುತ್ತಾ ಎಂದು ಕೇಳಿದ ಹಾಗೆ. ಆಮೇಲೆ ಹೇಗೆ ತೂಗಬೇಕೆಂದು ಏನೋ ಹೇಳುತ್ತಿದ್ದಳು. ನಾನು ಕೇಳಿಸಿಕೊಳ್ಳುವ ಗೋಜಿಗೆ ಹೋಗಲಿಲ್ಲ.

ಇಪ್ಪತ್ತು ಕಿಲೋದ ಡಂಬೆಲ್ ಹೊತ್ತು ಹತ್ತು ಹೆಜ್ಜೆ, ಹದಿನೈದು ನಿಮಿಷ. ಇಪ್ಪತ್ತನಾಲ್ಕು ಸಲ ಆಯಿತು. ಪರವಾಗಿಲ್ಲ.

ಏಪ್ರಿಲ್ 15, ಮಧ್ಯಾಹ್ನ

ಅಡುಗೆಮನೆಗೆ ಹೊಸ ಡಿಜಿಟಲ್ ತಕ್ಕಡಿ. ಬರಿ ತಟ್ಟೆ 312. ಅನ್ನ ಹಾಕಿದ ಮೇಲೆ 402. ಕಳೆದರೆ ತೊಂಬತ್ತು, ಒಂದು ಗ್ರಾಂ ಹೆಚ್ಚಿಲ್ಲ ಕಡಿಮೆಯಿಲ್ಲ. ಬೇಳೆಯೂ ಹಾಗೇ, ಬಟ್ಟಲಿನ ತೂಕ ಕಳೆದು ನಲವತ್ತು. ಅತ್ತೆ ಕನ್ನಡಕ ಏರಿಸಿ ತಟ್ಟೆ ನೋಡಿದರು.

"ಯಾರಿಗೇ ಇದು, ಗುಬ್ಬಚ್ಚಿಗಾ?"

"ನಂಗೇ ಅತ್ತೆ."

"ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಆಯ್ತಲ್ಲೇ."

ಆನೆ ಎಂದದ್ದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಲೆಕ್ಕ ಗೊತ್ತಿಲ್ಲದವರು ಮಾತಾಡುತ್ತಾರೆ.

ಏಪ್ರಿಲ್ 29

75.9. ನೋಡಿ ನೋಡಿ ಕಣ್ಣು ತಂಪಾಯಿತು.

ಹಸಿವು ಮಾತ್ರ... ಕ್ಯಾಬಿನ್ನಿಗೆ ಬಂದ ಡ್ರೈವರ್ ಬ್ರೆಡ್ ತಿನ್ನುತ್ತಿದ್ದ. ಅವನ ಲಾರಿಯ ನಂಬರಿನ ಬದಲು ರಿಜಿಸ್ಟರಿನಲ್ಲಿ 'ಬ್ರೆಡ್' ಎಂದು ಬರೆದೆ. ಹೊಡೆದುಹಾಕಿ ಸಹಿ ಮಾಡಿದೆ.

ಮೇ 11

74.1. ಡಂಬೆಲ್ ಹತ್ತೊಂಬತ್ತೇ ಸಲ. ಶುರುವಿನಲ್ಲಿ ಇಪ್ಪತ್ತನಾಲ್ಕು ಇತ್ತು. ಇದ್ಯಾವ ಲೆಕ್ಕ?

ಕೋಚ್ ಕೇಳಿದಳು, "ಚೀಟೀಲಿರೋದೆಲ್ಲಾ ತಿಂತಿದ್ದೀರಾ?" ಗ್ರಾಂ ಗ್ರಾಂ ತಿನ್ನುತ್ತಿದ್ದೇನೆ ಅಂದೆ. ತಲೆ ಕೆರೆದುಕೊಂಡಳು.

ಮನೆಗೆ ಬಂದು ಇವರ ಮೇಲೆ ರೇಗಿದೆ. ಪಾಪ, ಹೊಲಿಗೆ ಮಷೀನಿನ ಮುಂದೆ ಕೂತು ಸೌತೆಕಾಯಿ ತಿನ್ನುತ್ತಿದ್ದರು. ಕರಕರ ಸದ್ದು ಮಾಡಬೇಡಿ ಅಂದೆ. "ಸೌತೆಕಾಯಿ ಇನ್ನೇನು ಪಿಸುಗುಡುತ್ತಾ?" ಅಂದರು. ಅದಕ್ಕೂ ರೇಗಿದೆ. ಇಪ್ಪತ್ತು ವರ್ಷದ ಸಂಸಾರದಲ್ಲಿ ಸೌತೆಕಾಯಿಗೆ ಜಗಳ ಆಡಿರಲಿಲ್ಲ.

ಮೇ 20

73.4.

ಟೆಸ್ಟರ್ ಅಣ್ಣ ನನಗಾಗಿ ವ್ಯಾನ್ ತಂದಿದ್ದರು. ನಿಜವಾದ ಕಲ್ಲಿನಲ್ಲಿ ಒಂದು ಸಲ ನೋಡೋಣ ಎಂದು. ಹದಿನಾರು ಇಟ್ಟೆ. ಹದಿನೇಳನೆಯದನ್ನು ಎತ್ತಿದೆ, ಕಣ್ಣು ಕತ್ತಲೆ ಬಂತು. ಕಲ್ಲು ಕೈಜಾರಿತು. ಬಿದ್ದದ್ದು ಅವರ ಪಾದದಿಂದ ನಾಲ್ಕು ಬೆರಳು ದೂರ.

ಅವರು ಬೈಯಲಿಲ್ಲ. "ಕೂತ್ಕೋ ತಾಯಿ" ಅಂದರು, ನೀರು ಕೊಟ್ಟರು. ಬೈದಿದ್ದರೆ ಚೆನ್ನಾಗಿತ್ತು.

ಜೂನ್ 2, ಭಾನುವಾರ

ಹನ್ನೆರಡು ದಿನ ಬರೆಯಲಿಲ್ಲ. ಬರೆಯುವಂಥದ್ದೇನಿರಲಿಲ್ಲ. ಹೆಸರು ವಾಪಸ್ ತೆಗೆದುಕೊಳ್ಳುವ ಅರ್ಜಿಯನ್ನು ಮೂರು ಸಲ ಬರೆದು ಮೂರು ಸಲ ಹರಿದೆ.

ಇವತ್ತು ಕೋಚ್ ಮನೆಗೇ ಬಂದಳು. ಹೇಳದೆ ಕೇಳದೆ.

"ಚೀಟಿ ಪ್ರಕಾರ ತಿಂದವ್ರು ಹೀಗೆ ಬೀಳಲ್ಲ ಅಕ್ಕಾ. ನೀವು ಹೇಗೆ ತೂಗ್ತೀರಿ, ನನ್ನೆದುರು ತೂಗಿ."

ತೋರಿಸಿದೆ. ತಟ್ಟೆ ಇಟ್ಟೆ, ತಟ್ಟೆಯ ತೂಕ ಕಳೆದೆ, ಕುಕ್ಕರಿನಿಂದ ಅನ್ನ ಬಡಿಸಿ ತೊಂಬತ್ತಕ್ಕೆ ತಂದು ನಿಲ್ಲಿಸಿದೆ. ಅವಳು ಕುಕ್ಕರಿನೊಳಗೆ ಇಣುಕಿದಳು.

"ಬೆಂದ ಮೇಲೆ ತೂಗ್ತೀರಾ?"

"ಮತ್ತೆ? ಗೇಟು ದಾಟೋವಾಗ ಏನಿರುತ್ತೋ ಅದೇ ತೂಕ. ನಮ್ಮಲ್ಲಿ ಹಾಗೇ."

"ಅಕ್ಕಾ, ಅಕ್ಕಿ ಅಂತ ಬರ್ದಿದ್ದೀನಿ. ಹಸಿ ಅಕ್ಕಿ. ಮೊದಲ್ನೇ ದಿನಾನೇ ಹೇಳಿದ್ನಲ್ಲ."

ಹೇಳಿದ್ದಳು. ಕೇಳಿಸಿಕೊಳ್ಳದವಳು ನಾನು. ತೊಂಬತ್ತು ಗ್ರಾಂ ಅಕ್ಕಿ ಅಳೆದು ಅತ್ತೆಯ ಕೈಗೆ ಕೊಟ್ಟಳು. ಬೆಂದು ಬಂದ ಅನ್ನವನ್ನು ನಾನೇ ತೂಗಿದೆ. 262.

ಒಂದೂವರೆ ತಿಂಗಳು ಮೂರನೇ ಒಂದು ಪಾಲು ತಿಂದಿದ್ದೇನೆ. ಬೇಳೆಯೂ ಹಾಗೇ. ಓಟ್ಸ್‌ನದಂತೂ ಕೇಳಲೇಬಾರದು — ಹಾಲು, ನೀರು ಎಲ್ಲ ಸೇರಿಸಿ ಗಂಜಿಯನ್ನು ಅರವತ್ತು ಗ್ರಾಂ ತೂಗುತ್ತಿದ್ದೆ. ಮೂರು ಚಮಚ. ಊರಿನ ಲಾರಿಗಳ ಮರಳಿನಲ್ಲಿ ನೀರು ಹಿಡಿಯುವವಳು, ನನ್ನ ತಟ್ಟೆಯಲ್ಲಿರುವ ನೀರನ್ನು ಊಟವೆಂದು ಬರೆದುಕೊಂಡಿದ್ದೇನೆ. ದೀಪದ ಬುಡದಲ್ಲೇ ಕತ್ತಲೆ.

ಅತ್ತೆ ಗೋಡೆ ಹಿಡಿದುಕೊಂಡು ನಕ್ಕರು. ಇವರು ಅಂಗಡಿಯಿಂದ ಎದ್ದು ಬಂದು, ಏನೆಂದು ಕೇಳಿ, ಅವರೂ ನಕ್ಕರು. ನನಗೆ ಮೊದಲು ಅವಮಾನ, ಆಮೇಲೆ ನಗು, ಆಮೇಲೆ ತಡೆಯಲಾರದ ಹಸಿವು. 262 ಗ್ರಾಂ ಪೂರ್ತಿ ತಿಂದೆ. ತಿನ್ನುವಾಗ ಕಣ್ಣಲ್ಲಿ ನೀರು ಬಂತು. ಅರ್ಜಿ ಮತ್ತೆ ಬರೆಯುವುದಿಲ್ಲ.

ಜೂನ್ 6

74.6. ಏರಿತು. ಕೋಚ್‌ಗೆ ಫೋನ್ ಮಾಡಿದೆ.

"ಅದು ನೀರು ಅಕ್ಕಾ, ಕೊಬ್ಬಲ್ಲ. ಎರಡು ವಾರ ತಾಳಿ. ತಾಳಿದವನು ಬಾಳಿಯಾನು."

"ಬಾಳೋದು ಆಮೇಲೆ. ಎಪ್ಪತ್ತು ಆಗುತ್ತಾ?"

"ತಿಂದ್ರೆ ಆಗುತ್ತೆ."

ಇಂಥ ಮಾತನ್ನು ಕೇಳಿ ನಂಬುವುದು ಕಷ್ಟ. ಆದರೂ ಇವತ್ತು ಡಂಬೆಲ್ ಇಪ್ಪತ್ತಾರು ಸಲ.

ಜೂನ್ 21

74.0. ಎರಡು ವಾರಕ್ಕೆ ಆರುನೂರು ಗ್ರಾಂ. ಮುಖ ಊದಿಸಿಕೊಂಡು ಕೂತಿದ್ದೆ. ಇವರು ಟೇಪ್ ತಂದು ಸೊಂಟಕ್ಕೆ ಸುತ್ತಿದರು, ಗಿರಾಕಿಗೆ ಸುತ್ತುವ ಹಾಗೆಯೇ, ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡು.

"ಏಪ್ರಿಲ್‌ಗಿಂತ ಮೂರಿಂಚು ಕಡಿಮೆ. ತಕ್ಕಡಿ ಏನಾದ್ರೂ ಹೇಳ್ಲಿ, ಟೇಪ್ ಸುಳ್ಳು ಹೇಳಲ್ಲ."

ತಕ್ಕಡಿಯ ಅನ್ನ ತಿನ್ನುವವಳಿಗೆ ಹೇಳುವ ಮಾತೇ ಇದು? ಆದರೂ ಖುಷಿಯಾಯಿತು. ಸೌತೆಕಾಯಿಯನ್ನು ನಾನೇ ಹೆಚ್ಚಿಕೊಟ್ಟೆ.

ಜುಲೈ 12

72.3. ಡಂಬೆಲ್ ಮೂವತ್ತೆಂಟು ಸಲ.

ಹೊಟ್ಟೆ ತುಂಬಿದ ಮೇಲೆ ಜಗತ್ತೇ ಒಳ್ಳೆಯದಾಗಿ ಕಾಣುತ್ತದೆ. ಇವತ್ತು ಒದ್ದೆ ಮರಳಿನವನನ್ನೂ ನಗುತ್ತಲೇ ಬದಿಗೆ ನಿಲ್ಲಿಸಿದೆ. ಅವನು ಹೆದರಿಕೊಂಡ.

ಇವರು ನನ್ನ ನಾಲ್ಕು ಅಂಗಿಗಳನ್ನು ತಿದ್ದುತ್ತಿದ್ದಾರೆ. ತೋಳು ಬಿಚ್ಚಿ ದೊಡ್ಡದು ಮಾಡಬೇಕು, ಸೊಂಟ ಹಿಡಿಯಬೇಕು. "ನನ್ನ ಸರ್ವೀಸಲ್ಲಿ ಇಂಥಾ ಅಳತೆ ಬಂದಿಲ್ಲ" ಎಂದು ಗೊಣಗುತ್ತಾರೆ. ಅಂಗಡಿಗೆ ಬಂದವರಿಗೆಲ್ಲ ಆ ಅಂಗಿ ಎತ್ತಿ ತೋರಿಸುತ್ತಾರೆ ಕೂಡ. ಅತ್ತೆ ಈಗ ಅಕ್ಕಿಯನ್ನು ತಾವೇ ತೂಗುತ್ತಾರೆ. ತೊಂಬತ್ತು ಅಂದರೆ ತೊಂಬತ್ತೈದು ಮಾಡುತ್ತಾರೆ. ಕೇಳಿದರೆ, "ಐದು ನನ್ನ ಲೆಕ್ಕ."

ಆಗಸ್ಟ್ 10

70.9. ನಲವತ್ತಾರು.

ಆಗಸ್ಟ್ 18

70.5. ಜಪ್ಪಯ್ಯ ಅಂದರೂ ಇಳಿಯುತ್ತಿಲ್ಲ.

ಟೆಸ್ಟರ್ ಅಣ್ಣ ಫೋನಿನಲ್ಲಿ ನಿಯಮ ಓದಿ ಹೇಳಿದರು. ತೂಕ ಹೆಚ್ಚಿದ್ದರೆ ಒಂದು ತಿಂಗಳು ಬಿಟ್ಟು ಇನ್ನೊಮ್ಮೆ ನೋಡುತ್ತಾರಂತೆ. ಕಲ್ಲಿಗೆ ಮಾತ್ರ ಎರಡನೇ ಅವಕಾಶ ಇಲ್ಲ. "ಆದ್ರೆ ಎರಡೂ ಅವತ್ತೇ ಮುಗಿದ್ರೆ ಮುಂದಿನ ಸೋಮವಾರದಿಂದ್ಲೇ ವ್ಯಾನ್ ನಿಂದು ಕಣಮ್ಮ."

ಮುಂದಿನ ಸೋಮವಾರ. ಕೇಳಿದಾಗಿನಿಂದ ಕ್ಯಾಬಿನ್ನಿನ ಕಿಟಕಿ ಇನ್ನಷ್ಟು ಚಿಕ್ಕದಾಗಿದೆ.

ಆಗಸ್ಟ್ 21

ಮಾಡಬಾರದ್ದು ಮಾಡಿದೆ. ಅರ್ಧ ಕಿಲೋದ ಆಸೆಗೆ ನಿನ್ನೆ ರಾತ್ರಿಯ ಊಟ, ಇವತ್ತಿನ ತಿಂಡಿ ಎರಡೂ ಬಿಟ್ಟೆ. ಜಿಮ್‌ನಲ್ಲಿ ಮೂವತ್ತೊಂದಕ್ಕೆ ಹಿಡಿತ ಜಾರಿತು. ಕೋಚ್ ಡಂಬೆಲ್ ಕಸಿದುಕೊಂಡಳು. ತನ್ನ ಡಬ್ಬಿ ತೆಗೆದು ಮುಂದಿಟ್ಟಳು. ಆಲೂಗೆಡ್ಡೆ, ಕೋಳಿ. ಪೂರ್ತಿ ತಿಂದೆ. ಅವಳ ಊಟಕ್ಕೆ ಕಲ್ಲು ಹಾಕಿದ ಹಾಗಾಯಿತು. ನಾಳೆ ಎರಡು ಡಬ್ಬಿ ಒಯ್ಯಬೇಕು.

ಆಗಸ್ಟ್ 24, ಬೆಳಿಗ್ಗೆ 5.50

69.8.

ಇನ್ನೂರು ಗ್ರಾಂ ಉಳಿದಿದೆ. ಓಟ್ಸ್, ಹಾಲು, ಮೂರು ಮೊಟ್ಟೆ, ಬಾಳೆಹಣ್ಣು, ನೀರು — ಎಲ್ಲ ಸೇರಿದರೆ ಮುಕ್ಕಾಲು ಕಿಲೋಗೆ ಮೇಲೆ. ಹತ್ತಕ್ಕೆ ಕಲ್ಲು, ಹನ್ನೆರಡಕ್ಕೆ ಡಾಕ್ಟರ್. ಎಷ್ಟು ಬೆವರುತ್ತೇನೋ ಯಾರಿಗೆ ಗೊತ್ತು.

ಇವರು ಅಡುಗೆಮನೆ ಬಾಗಿಲಲ್ಲಿ ನಿಂತು, "ಒಂದೇ ಒಂದಿನ ತಡ್ಕೊಳ್ಳೇ. ಮಧ್ಯಾಹ್ನ ಬೇಕಾದಷ್ಟು ತಿನ್ನು" ಅಂದರು. ನನ್ನ ಒಳ್ಳೆಯದಕ್ಕೇ ಹೇಳುತ್ತಾರೆ. ಆದರೆ ಖಾಲಿ ಹೊಟ್ಟೆಯಲ್ಲಿ ಕಲ್ಲು ಹಿಡಿಯುವುದಿಲ್ಲ. ಇನ್ನೊಬ್ಬರ ಪಾದದ ಪಕ್ಕ ಇನ್ನೊಂದು ಕಲ್ಲು ಬೀಳಿಸುವುದಿಲ್ಲ.

ಕೂತು ತಿಂದೆ. ನಿಧಾನವಾಗಿ. ಅತ್ತೆ ಎದುರು ಕೂತು ಕಾವಲು ಕಾದರು.

ಆಗಸ್ಟ್ 24, 11.50, ಡಾಕ್ಟರ್ ಕೋಣೆಯ ಹೊರಗಿನ ಬೆಂಚು

ಪೆನ್ನು ಹಿಡಿಯಲು ಬೆರಳು ಬಗ್ಗುತ್ತಿಲ್ಲ. ಅಕ್ಷರ ಸೊಟ್ಟ.

ಐವತ್ತು. ಹದಿಮೂರು ನಿಮಿಷ ನಲವತ್ತು ಸೆಕೆಂಡು.

ಮೂವತ್ತರವರೆಗೆ ಎಣಿಸಿದೆ, ಆಮೇಲೆ ಬಿಟ್ಟುಬಿಟ್ಟೆ. ಕಲ್ಲು, ಹತ್ತು ಹೆಜ್ಜೆ, ಇಡು, ವಾಪಸ್. ನಲವತ್ತರ ಆಸುಪಾಸಿನಲ್ಲಿ ತೊಡೆ ಉರಿಯಿತು. ಕಣ್ಣು ಮಾತ್ರ ಕತ್ತಲೆ ಬರಲಿಲ್ಲ. ಕೊನೆಯದನ್ನು ಇಟ್ಟು ನೋಡಿದರೆ ಬೋರ್ಡಿನಲ್ಲಿ ಸರಿಯಾಗಿ 1000. ಹದಿನೆಂಟು ವರ್ಷ ಆ ಅಂಕಿಗಳನ್ನು ಒಳಗಿನಿಂದ ನೋಡಿದ್ದೆ. ಇವತ್ತು ಅದು ನಾನು ಹೊತ್ತು ಇಟ್ಟದ್ದು. ಎದೆ ಉಬ್ಬಿತು, ಸುಳ್ಳೇಕೆ. ಟೆಸ್ಟರ್ ಅಣ್ಣ ತಮ್ಮ ಕೈಗವಸು ಬಿಚ್ಚಿ ನನ್ನ ಮಡಿಲಿಗೆ ಹಾಕಿ, ವ್ಯಾನಿನ ಹಿಂದೆ ಹೋಗಿ ಮೂಗು ಒರೆಸಿಕೊಂಡರು.

ಈಗ ತೂಕ. ಎಪ್ಪತ್ತರ ಈಚೆಯೋ ಆಚೆಯೋ. ಸೋಮವಾರವೋ, ಇನ್ನೊಂದು ತಿಂಗಳೋ. ಎದೆ ಹೊಡೆದುಕೊಳ್ಳುತ್ತಿದೆ. ಅದಕ್ಕಿಂತ ಜೋರಾಗಿ ಹೊಟ್ಟೆ ಚುರುಗುಟ್ಟುತ್ತಿದೆ. ಡಬ್ಬಿ ತೆಗೆದೆ. ಅನ್ನ, ಬೇಳೆ, ಮೊಟ್ಟೆ. ಅತ್ತೆಯ ಐದು ಗ್ರಾಂ ಸೇರಿ.

ಟೆಸ್ಟರ್ ಅಣ್ಣ ನೋಡಿ ಓಡಿಬಂದರು. "ಏ, ಏನ್ ಮಾಡ್ತಿದ್ದೀಯಮ್ಮ? ಹತ್ತು ನಿಮಿಷ, ಡಾಕ್ಟರ್ ನೋಡ್ಲಿ, ಆಮೇಲೆ ತಿನ್ನು."

"ಹಸೀತಿದೆ ಅಣ್ಣ."

"ತೂಕ ಹೆಚ್ಚಿದ್ರೆ?"

"ಹೆಚ್ಚಿದ್ರೆ ಇನ್ನೊಂದು ತಿಂಗಳು ತಿಂದು ಇಳಿಸ್ತೀನಿ."

ಅವರು ತಲೆ ಚಚ್ಚಿಕೊಂಡು ಪಕ್ಕದಲ್ಲಿ ಕೂತಿದ್ದಾರೆ. ಒಂದು ಮೊಟ್ಟೆ ಕೊಟ್ಟೆ, ತಿನ್ನುತ್ತಿದ್ದಾರೆ. ಅನ್ನ ಇನ್ನೂ ಬೆಚ್ಚಗಿದೆ. ಇಷ್ಟು ರುಚಿ ಯಾವತ್ತೂ —

ಒಳಗಿನಿಂದ ಕೂಗುತ್ತಿದ್ದಾರೆ. "ವೇಬ್ರಿಡ್ಜ್ ಮೇಡಂ, ಬನ್ನಿ." ಬಂದೆ ಅಂದೆ. ಇನ್ನೆರಡು ತುತ್ತು, ಮುಗಿಸಿಯೇ —