ನಾವು ಬೇಡವೆಂದ ಪಂದ್ಯ

ಮೆರ್ಲ್ ಕ್ರೀಕ್, ಅಲಬಾಮಾ
ಡಿಸೆಂಬರ್ 29

ಅಪ್ಪಾ,

ನಿನ್ನ ಮೊಣಕಾಲು ಈಗ ಹೇಗಿದೆ? ಚಳಿ ಹೆಚ್ಚಾಗಿದೆ, ಶಾಖ ಕೊಡುವುದನ್ನು ಬಿಡಬೇಡ. ಎರಡು ಬೀದಿ ಆಚೆ ಇರುವ ಮಗಳು ಕಾಗದ ಬರೆಯುತ್ತಾಳಲ್ಲ ಎಂದು ನಿನಗೆ ನಗು ಬರಬಹುದು. ಎದುರು ಕೂತು ಹೇಳಲು ನನಗೆ ಧೈರ್ಯವಿಲ್ಲ. ಫೋನಿನಲ್ಲಿ ಹೇಳಿದರೆ ನೀನು ಅರ್ಧದಲ್ಲೇ ತಡೆದು ಆಯ್ಕೆ ಸಮಿತಿಯವರನ್ನು ಬೈಯಲು ಶುರು ಮಾಡುತ್ತೀಯ. ಕಾಗದವನ್ನು ಹಾಗೆ ತಡೆಯಲಾಗುವುದಿಲ್ಲ.

ಕೋಲ್ಬಿ ಕ್ರಿಸ್‌ಮಸ್ಸಿಗೆ ಯಾಕೆ ಬರಲಿಲ್ಲ ಎಂದು ಚರ್ಚಿನಲ್ಲಿ ಯಾರಾದರೂ ಕೇಳಿದರೆ, "ಸಮಿತಿಯೋರು ಮಾಡಿದ್ದು ಹುಡುಗಂಗೆ ಅರಗಿಲ್ಲ ಕಣಯ್ಯಾ. ನನ್ನ ರಕ್ತ ಅಲ್ವಾ!" ಎನ್ನುತ್ತೀಯಂತೆ. ಅದಲ್ಲ ಅಪ್ಪ. ನನ್ನ ತಮ್ಮ ಬರದೆ ಇದ್ದದ್ದಕ್ಕೆ ಕಾರಣ ಬೇರೆ.

ನಮಗೆ ಅನ್ಯಾಯವಾದದ್ದು ನಿಜ. ಆ ಭಾನುವಾರ ಟಿವಿಯಲ್ಲಿ ಪಟ್ಟಿ ಬಂದಾಗ ನಾನೂ ನಿನ್ನ ಪಕ್ಕದಲ್ಲೇ ಕೂತಿದ್ದೆ. ಕಾಲೇಜು ಫುಟ್‌ಬಾಲಿನ ಪಟ್ಟದ ಆಟಕ್ಕೆ ಸಮಿತಿಯವರು ಆರಿಸುವುದು ಹನ್ನೆರಡು ತಂಡ, ನಮ್ಮ ಟೆನ್ಸಾ ಸ್ಟೇಟ್ ಕಾಲೇಜು ಹದಿಮೂರನೆಯದು. ಅಕ್ಟೋಬರಿನಲ್ಲಿ ಅವರ ಊರಿಗೇ ಹೋಗಿ ನಾವು ಸೋಲಿಸಿ ಬಂದ ತಂಡಕ್ಕೆ ಹನ್ನೊಂದನೆಯ ಸ್ಥಾನ! ಮರುದಿನ ನಾನು ಕೆಲಸ ಮಾಡುವ ಹೋಟೆಲಿನಲ್ಲಿ ಆ ತಂಡದ ಅಭಿಮಾನಿಯೊಬ್ಬ ನನಗೆ ಬಟ್ಟಲು ಚಾಚಿ, "ಹದಿಮೂರನೇ ನಂಬರಿನೋರ ಕಾಫಿ ಹೆಂಗಿರತ್ತೆ ನೋಡೋಣ, ಹಾಕಮ್ಮ" ಎಂದ. ಕಾಫಿ ತುಂಬಿ ಅವನ ಮೊಟ್ಟೆಯ ತಟ್ಟೆಗೆ ಹರಿಯುವವರೆಗೂ ಸುರಿದೆ. ನನ್ನ ಸಿಟ್ಟೇನೂ ನಿನ್ನದಕ್ಕಿಂತ ಕಡಿಮೆಯಿರಲಿಲ್ಲ.

ಪಟ್ಟ ತಪ್ಪಿದ್ದಕ್ಕೆ ಸಮಾಧಾನವೆಂಬಂತೆ ನಮ್ಮನ್ನು ಸಮುದ್ರ ತೀರದ ಬೌಲ್ ಪಂದ್ಯಕ್ಕೆ, ವರ್ಷದ ಕೊನೆಯ ಆ ಒಂದೇ ಒಂದು ಆಟಕ್ಕೆ, ಕರೆದರು. ಅದನ್ನು ನಡೆಸುವವರು ಹಾಸಿಗೆ ಮಾರುವ ಕಂಪನಿಯವರು. ನೀನು ರೇಡಿಯೋ ಕಾರ್ಯಕ್ರಮಕ್ಕೆ ಫೋನ್ ಮಾಡಿ, "ಪಟ್ಟ ಕೇಳಿದ್ರೆ ಹಾಸ್ಗೆ ಕೊಡ್ತಾರಲ್ಲಪ್ಪ! ಮಲಕ್ಕೊಳ್ಳೋಕೆ ನಾವೇನು ಮುದುಕ್ರಾ?" ಎಂದೆ. ಊರೆಲ್ಲ ನಕ್ಕಿತು, ನಾನೂ ನಕ್ಕೆ. ಮರುದಿನ ಬೆಳಿಗ್ಗೆ ನೀನು ಹಲಗೆ ಹಿಡಿದು ಕ್ರೀಡಾಂಗಣದ ಗೇಟಿಗೆ ಹೋದೆ. ಮರ್ಯಾದೆ ಇದ್ದರೆ ಬೇಡ ಅನ್ನಿ ಎಂದು ಹಲಗೆಯ ಮೇಲೆ ಬರೆದಿದ್ದೆ. ಮಧ್ಯಾಹ್ನದ ಹೊತ್ತಿಗೆ ಅಲ್ಲಿ ಜಾತ್ರೆಯೇ ಸೇರಿತ್ತು.

ಅದೇ ಮಧ್ಯಾಹ್ನ ಕೋಲ್ಬಿ ನನ್ನ ಹೋಟೆಲಿಗೆ ಬಂದ.

ಐದು ವರ್ಷ ಆ ತಂಡದಲ್ಲಿದ್ದು ಒಂದು ಪಂದ್ಯದಲ್ಲೂ ಅವನು ಮೈದಾನಕ್ಕೆ ಇಳಿದಿರಲಿಲ್ಲ. ವಾರವೆಲ್ಲ ಅಭ್ಯಾಸದಲ್ಲಿ, ಮುಂದಿನ ಶನಿವಾರ ಯಾರ ಮೇಲೆ ಆಟವೋ ಅವರಲ್ಲಿ ಚೆಂಡು ಹಿಡಿದೋಡುವ ಓಟಗಾರನ ನಂಬರಿನ ಅಂಗಿ ತೊಟ್ಟು, ಅವನ ಹಾಗೇ ಓಡಿ, ನಮ್ಮ ದೊಡ್ಡ ಹುಡುಗರ ಕೈಯಲ್ಲಿ ಕೆಡವಿಸಿಕೊಂಡು ಅವರನ್ನು ತಯಾರು ಮಾಡುವುದೇ ಅವನ ಕೆಲಸ. ಶನಿವಾರ ಬಂದರೆ ಅಂಚಿನಲ್ಲಿ ನಿಂತು ಚಪ್ಪಾಳೆ. ನೀನು ದುರ್ಬೀನಿನಲ್ಲಿ ಅವನನ್ನು ಹುಡುಕಿ, "ಅಗೋ ನನ್ ಮಗ! ಅವನ ಅಂಗಿ ಒಗೆಯೋದೇ ಬೇಡ ನೋಡ್ರಿ" ಎಂದು ಪಕ್ಕದವರಿಗೆ ತೋರಿಸುತ್ತಿದ್ದೆ. ಪ್ರೀತಿಯಿಂದಲೇ ಹೇಳುತ್ತಿದ್ದೆ, ನನಗೆ ಗೊತ್ತು.

ಪಟ್ಟದ ಆಟ ತಪ್ಪಿದ ಮೇಲೆ, ಸಂಬಳ ಕೊಡುವ ದೊಡ್ಡ ಲೀಗಿಗೆ ಹೋಗುವ ಹುಡುಗರು ಪೆಟ್ಟಾದೀತೆಂದು ಬೌಲ್ ಪಂದ್ಯ ಆಡುವುದಿಲ್ಲ. ನಮ್ಮ ಓಟಗಾರರಿಬ್ಬರೂ ಹಿಂದೆ ಸರಿದರು. ಮೂರನೆಯವನು ಬೇರೆ ಕಾಲೇಜಿಗೆ ಹೊರಟ. ಇನ್ನು ಉಳಿದವನು ಯಾರು ಅಪ್ಪ? ಯಾರು ಯಾರನ್ನು ಸೋಲಿಸಿದರು, ಎಷ್ಟರಿಂದ ಸೋಲಿಸಿದರು ಎಂದೆಲ್ಲ ನೀನು ಲೆಕ್ಕ ಹಾಕಿದೆ. ಇದೊಂದು ಲೆಕ್ಕ ಹಾಕಲಿಲ್ಲ.

"ಮೊದಲ್ನೇ ಓಟ ನಿಂದೇ ಕಣೋ" ಎಂದು ಕೋಚ್ ಅವನಿಗೆ ಹೇಳಿದ್ದರು. ಅದನ್ನು ನನಗೆ ಹೇಳುವಾಗ ಕೋಲ್ಬಿ ಮುಂದಿದ್ದ ಸೇಬಿನ ಪೈ ತಿಂಡಿಯನ್ನು ಮುಟ್ಟಲೇ ಇಲ್ಲ. "ಅಕ್ಕಾ, ನೀನು ಬಾಯಿ ಬಿಡ್ಬೇಡ. ನಾಳೆ ನಾನೇ ಹೇಳ್ತೀನಿ. ಅಪ್ಪನ ಮುಖ ಹೆಂಗಾಗತ್ತೆ ನೋಡ್ಬೇಕು" ಎಂದ. ಗೇಟಿನ ಬಳಿ ನೀನು ನಿಂತಿದ್ದನ್ನು ಅವನೂ ನೋಡಿಯೇ ಬಂದಿದ್ದ. ವಿಷಯ ಗೊತ್ತಾದರೆ ಅಪ್ಪನೇ ಮೊದಲು ಟಿಕೆಟ್ ಕೊಳ್ಳುತ್ತಾನೆ ಎಂದು ನಗುತ್ತಾ ಹೋದ.

ಬುಧವಾರ ಎಂದಿನಂತೆ ನಾನು ನಿನ್ನ ಮನೆಯಲ್ಲಿ ಅಡುಗೆ ಮಾಡುತ್ತಿದ್ದೆ. ಕೋಲ್ಬಿ ತಲೆ ಬಾಚಿಕೊಂಡು ಬಂದ. ನೀನು ಹಜಾರದಲ್ಲಿ ಫೋನ್ ಹಿಡಿದು ರೇಡಿಯೋ ಕಾರ್ಯಕ್ರಮದಲ್ಲಿ ನಿನ್ನ ಸರದಿಗೆ ಕಾಯುತ್ತಿದ್ದೆ. ಅವನು "ಅಪ್ಪಾ" ಎನ್ನುತ್ತಲೇ ಕೈ ಎತ್ತಿ ಸುಮ್ಮನಿರಿಸಿದೆ. ಅವನು ಒಳಗೆ ಬಂದು ಒಲೆಯ ಪಕ್ಕ ನಿಂತ. ಅಡುಗೆಮನೆಯ ರೇಡಿಯೋದಲ್ಲೂ ಅದೇ ಕಾರ್ಯಕ್ರಮ ಬರುತ್ತಿತ್ತು.

ಕಾರ್ಯಕ್ರಮ ನಡೆಸುವವನು ಕೀಟಲೆಗೆ ಕೇಳಿದ, "ವರ್ಲನ್ನಣ್ಣಾ, ನಿಮ್ ಹುಡುಗಾನೂ ತಂಡದಲ್ಲಿದ್ದಾನಲ್ಲ, ಅವನು ಆಡ್ತೀನಿ ಅಂದ್ರೆ ಏನ್ಮಾಡ್ತೀರಿ?"

"ನನ್ ಮಗನಾ? ಆ ಪಂದ್ಯಕ್ಕೆ ಕಾಲಿಟ್ರೆ ಅವನು ನನ್ನ ಹೊಸ್ತಿಲು ತುಳಿಯೋದು ಬೇಡ. ಐದು ವರ್ಷ ನಿಂತು ನೋಡಿದ್ದಾನೆ. ಇನ್ನೊಂದಿನ ನಿಂತ್ರೆ ಸವೆದೋಗ್ತಾನಾ?"

ರೇಡಿಯೋದಲ್ಲಿ ಮಾತು ಸ್ವಲ್ಪ ತಡವಾಗಿ ಬರುತ್ತದಲ್ಲ. ಕೋಲ್ಬಿ ಮೊದಲು ಹಜಾರದಿಂದ ನಿನ್ನ ಬಾಯಲ್ಲೇ ಅದನ್ನು ಕೇಳಿಸಿಕೊಂಡ. ಆಮೇಲೆ ಅದನ್ನೇ ರೇಡಿಯೋದಲ್ಲಿ, ಅವರ ನಗುವಿನ ಜೊತೆ, ಇನ್ನೊಮ್ಮೆ ಕೇಳಿದ. ರೇಡಿಯೋ ಆರಿಸಲು ನಾನು ಕೈ ಚಾಚಿದೆ. ಅವನು ಬೇಡವೆಂದು ತಲೆಯಾಡಿಸಿದ.

ನೀನು ಖುಷಿಯಾಗಿ ಊಟಕ್ಕೆ ಬಂದೆ. "ಏನೋ ಹೇಳೋಕೆ ಬಂದಿದ್ಯಲ್ಲ, ಏನೋ ಅದು?" ಎಂದೆ. "ಏನಿಲ್ಲಪ್ಪ, ಹಸಿವಾಗಿತ್ತು ಬಂದೆ" ಎಂದ. ನಾನು ಬಾಯಿ ತೆರೆದರೆ ಮೇಜಿನ ಕೆಳಗೆ ನನ್ನ ಕಾಲು ತುಳಿದ. ನೀನು ಬೀನ್ಸಿಗೆ ಉಪ್ಪು ಸಾಲದು ಎಂದೆ.

ಮರುದಿನ ತಂಡದವರು ಸೇರಿ ಪಂದ್ಯ ಬೇಡವೆಂದರು. ನೀನು ಖುಷಿಗೆ ಊರ ನಡುವಿನ ನ್ಯಾಯಾಲಯದ ಸುತ್ತ ಟ್ರಕ್ಕಿನ ಹಾರ್ನ್ ಹೊಡೆಯುತ್ತಾ ಸುತ್ತಿದೆ. ನಮ್ಮ ಬದಲಿಗೆ ಆರೇ ಆರು ಪಂದ್ಯ ಗೆದ್ದಿದ್ದ ಯಾವುದೋ ತಂಡವನ್ನು ಕರೆದರು. ನಿನ್ನೆ ಆ ಆಟ ನಡೆಯಿತು. ನೀನು ಹಟಕ್ಕೆ ಟಿವಿ ಹಾಕಿರಲಾರೆ. ನಾನು ಹೋಟೆಲಿನಲ್ಲಿ ನೋಡಿದೆ. ಅವರಲ್ಲೂ ಯಾವನೋ ಹೊಸ ಹುಡುಗ ಚೆಂಡು ಹಿಡಿದು ಗೆರೆ ದಾಟಿ, ಹೆಲ್ಮೆಟ್ ತೆಗೆದು, ಜನರ ನಡುವೆ ತನ್ನವರನ್ನು ಹುಡುಕುತ್ತಿದ್ದ. ನಾನು ಪಾತ್ರೆ ತೊಳೆಯುವ ಕಡೆ ಹೋಗಿ ನಲ್ಲಿ ತಿರುಗಿಸಿದೆ.

ಕೋಲ್ಬಿಗೆ ಮುಂದಿನ ವರ್ಷ ಎಂಬುದಿಲ್ಲ. ಕಾಲೇಜಿನ ಆಟ ಮುಗಿಯಿತು. ಒಕ್ಲಹೋಮದಲ್ಲಿ ಎಣ್ಣೆ ಬಾವಿಯ ಕೆಲಸಕ್ಕೆ ಸೇರಿದ್ದಾನೆ. ನನಗೆ ಫೋನ್ ಮಾಡುತ್ತಾನೆ. ನಿನ್ನ ಮೇಲೆ ಸಿಟ್ಟಿಲ್ಲವಂತೆ. "ಅಪ್ಪನ್ನ ನೋಡ್ಕೋ ಅಕ್ಕಾ" ಎನ್ನುತ್ತಾನೆ. ನಿನಗೆ ಹೇಳಕೂಡದೆಂದೂ ಹೇಳಿದ್ದಾನೆ. ಆದರೆ ನನಗೆ ಸಿಟ್ಟಿದೆ. ನೀನು ಅವನ ಹೆಸರು ಹೇಳಿಕೊಂಡು ಇನ್ನೂ ಸಮಿತಿಯವರನ್ನು ಬೈಯುವುದನ್ನು ನನ್ನಿಂದ ಕೇಳಲಾಗುತ್ತಿಲ್ಲ. ಈ ಬುಧವಾರದಿಂದ ಅಡುಗೆಗೆ ಬರುವುದಿಲ್ಲ. ಫ್ರೀಜರಿನಲ್ಲಿ ಸೂಪ್ ಇಟ್ಟಿದ್ದೇನೆ, ಬಿಸಿ ಮಾಡಿಕೋ.

ನಿನ್ನ ಮಗಳು,
ಡಾರ್ಲಾ

ಮರೆತ ಮಾತು: ಮರೆತದ್ದಲ್ಲ, ಬರೆಯಬಾರದೆಂದಿದ್ದೆ. ತಂಡದ ನಾಯಕ ಡೆಮೆಟ್ರಿಸ್ ನಿನ್ನೆ ಹೋಟೆಲಿಗೆ ಬಂದಿದ್ದ. ಆ ದಿನ ಹೆಚ್ಚಿನ ಹುಡುಗರು ಆಡೋಣ ಎಂದೇ ಕೈ ಎತ್ತಿದ್ದರಂತೆ. "ಮರ್ಯಾದೆ ಆಮೇಲೆ ನೋಡ್ಕೊಳ್ಳೋಣ, ಕೋಲ್ಬಿ ಓಡೋದು ನೋಡ್ಬೇಕು" ಎಂದು ಕೂಗಿದರಂತೆ. ಕೋಲ್ಬಿಯೇ ಎದ್ದು ನಿಂತು, "ಬೇಡ ಕಣ್ರೋ. ನಮ್ಮಪ್ಪ ಊರಲ್ಲಿ ತಲೆ ಎತ್ಕೊಂಡು ಓಡಾಡ್ಬೇಕು" ಎಂದನಂತೆ. ಆಮೇಲೆ ಒಬ್ಬೊಬ್ಬರೇ ಕೈ ಇಳಿಸಿದರು. ಇದನ್ನಾದರೂ ರೇಡಿಯೋದವರಿಗೆ ಹೇಳಬೇಡ.