ಮೂರನೆಯ ಬಕಲ್

ಏಪ್ರಿಲ್ 24, ಬೆಳಿಗ್ಗೆ 6.15
ಇವತ್ತೂ ಬಕಲ್ ಕಿತ್ತು ಬಂತು. ಗಮ್ ಹಚ್ಚಿ, ಹದಿನಾಲ್ಕು ಬಟ್ಟೆ ಕ್ಲಿಪ್ ಕಚ್ಚಿಸಿ ಇಟ್ಟಿದ್ದೆ. ಎಳೆದರೆ ಬಾಳೆಹಣ್ಣಿನ ಸಿಪ್ಪೆಯ ಹಾಗೆ ಸಲೀಸಾಗಿ ಬಿಟ್ಟಿತು. ಗಮ್ಮೆಲ್ಲ ಬಕಲ್‌ನ ಪಟ್ಟಿಗೇ ಅಂಟಿದೆ, ಕವಚದ ಮೇಲೆ ಗುರುತೂ ಇಲ್ಲ. ಸಿಟ್ಟು ನೆತ್ತಿಗೇರಿತು.

ಬುದ್ಧ ಪೂರ್ಣಿಮೆಗೆ ಹದಿನೆಂಟು ದಿನ. ನಮ್ಮೂರು ಕಳ್ಳಕವಟಗಿಯಲ್ಲಿ ತಮ್ಮ ದೇವಾನಂದನ ನಾಟಕ. ಅಶೋಕನ ಪಾತ್ರ ಅವ್ವನದು. ಹೋದ ವರ್ಷ ಪಾತ್ರ ಹಂಚುವಾಗ ಕವಚ ತೊಟ್ಟು ಕತ್ತಿ ಬೀಸಲು ಎಂಟು ಗಂಡಸರು ಎದ್ದಿದ್ದರು. ಕೊನೆಗೆ ಅದನ್ನು ಬಿಚ್ಚಿಟ್ಟು ಜನರೆದುರು ಅಳಬೇಕು ಎಂದಾಗ ಎಂಟೂ ಮಂದಿ ಕೂತರು. ಅವ್ವ ಎದ್ದಳು.

ಆಗ ಕವಚಕ್ಕೆ ಬೆನ್ನ ಹಿಂದೆ ಲಾಡಿ ಇತ್ತು. ದ್ರಾಕ್ಷಿ ಕ್ರೇಟ್ ಎತ್ತಿ ಎತ್ತಿ ಅವ್ವನ ಬಲಭುಜ ಹಿಡಿದುಕೊಂಡಿದೆ, ಕೈ ಹಿಂದೆ ಹೋಗುವುದಿಲ್ಲ. ಲಾಡಿ ಗಂಟಾಯಿತು. ಸೈನಿಕನ ವೇಷದ ಪರಸಪ್ಪ ಓಡಿ ಬಂದು ಬಿಚ್ಚಿದ. ಜನ ಬಿದ್ದು ಬಿದ್ದು ನಕ್ಕರು. ಅವ್ವ ಮೂರು ದಿನ ಕೂಲಿಗೂ ಹೋಗಲಿಲ್ಲ.

ಈ ಸಲ ಕವಚ ಮಾಡುವ ಕೆಲಸ ನನ್ನದು. ಶಾಲೆ ಬ್ಯಾಗಿನ ಮೂರು ಬಕಲ್ — ಎರಡು ಬಲಪಕ್ಕೆಗೆ, ಒಂದು ಬಲಭುಜದ ಮೇಲೆ. ಎಡಗೈಯಲ್ಲಿ ಒತ್ತಿದರೆ ಟಕ್. ಅಂಟಬೇಕಷ್ಟೇ. ಎಂಟಕ್ಕೆ ಕ್ಲಿನಿಕ್ ಡ್ಯೂಟಿ, ಇನ್ನೂ ಸ್ನಾನವಾಗಿಲ್ಲ.

ಏಪ್ರಿಲ್ 27, ಭಾನುವಾರ
ಕವಚ ಮಡಿಲಲ್ಲಿಟ್ಟುಕೊಂಡು ಪಟ್ಟಣದ ಜಲನಗರದ ನನ್ನ ಬಾಡಿಗೆ ರೂಮಿನಿಂದ ಊರಿಗೆ ಬಂದೆ. ಯಾವ ಯುದ್ಧಕ್ಕೆ ಹೊರಟಿದ್ದೀರಿ ಎಂದು ಕಂಡಕ್ಟರ್ ಕೇಳಿದ. ಕಳ್ಳಕವಟಗಿಗೆ ಒಂದು ಟಿಕೆಟ್ ಎಂದೆ.

ಅವ್ವ ಹೆಬ್ಬೆರಳಿಂದ ಉಜ್ಜಿ ಮೂಸಿದಳು.

"ಇದು ನಮ್ಮ ಶೆಡ್ಡಿನ ಡ್ರಮ್ ಅಲ್ಲೇನ? ದ್ರಾಕ್ಷಿ ಅದ್ದೂ ಎಣ್ಣಿ ಕುಡದೈತಿ ಯವ್ವಾ. ಅಂಟು ಹೆಂಗ ಹತ್ತತೈತಿ?"

ಅವಳು ಕೆಲಸ ಮಾಡುವ ಒಣದ್ರಾಕ್ಷಿ ಶೆಡ್ಡಿನಿಂದ ಒಡೆದ ನೀಲಿ ಪ್ಲಾಸ್ಟಿಕ್ ಡ್ರಮ್ಮನ್ನು ಕವಚಕ್ಕೆಂದು ಹೊತ್ತು ತಂದವಳು ನಾನೇ. ಮುಟ್ಟಿದರೆ ಒಣಗಿತ್ತು, ಒಣಹಾಕುವ ಮುನ್ನ ದ್ರಾಕ್ಷಿ ಅದ್ದುವ ಎಣ್ಣೆ ನೆನಪಾಗಲಿಲ್ಲ. ನನ್ನ ತಲೆಗೆ ನಾನೇ ಮೊಟಕಿಕೊಂಡೆ.

ರಿವೆಟ್ ಹೊಡೆಯೋಣ ಎಂದ ದೇವಾನಂದ. ಮೂಲೆಯಲ್ಲಿ ತೂತು ಕೊರೆದು ನೋಡಿದೆವು, ಸೀಳಿತು. ಹಾಗಾದರೆ ಹೋದ ವರ್ಷದಂತೆ ಪರಸಪ್ಪನೇ ಬಿಚ್ಚಲಿ, ಜನ ಅರ್ಥ ಮಾಡಿಕೊಳ್ಳುತ್ತಾರೆ ಎಂದ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಬ್ಯಾರೆಯವ್ರು ಬಿಚ್ಚಿದ್ರ ಅಶೋಕ ಸೋತಂಗಾತು. ಗೆದ್ದಾಂವ ತಾನ ಬಿಚ್ಚಬೇಕು."

ಮುಗಿಯಿತು. ಇನ್ನು ವಾದವಿಲ್ಲ.

ಮೇ 2
ಸೋಡಾ ಹಾಕಿ ನಾಲ್ಕು ಸಲ ತೊಳೆದೆ. ಸ್ಯಾಂಡ್ ಪೇಪರ್ ತಿಕ್ಕಿ ಬೆರಳ ತುದಿಗಳು ಸವೆದವು. ತಿಕೋಟಾದ ಬಡಿಗ ಶಿವಾಜಿಯಣ್ಣ ಕಬ್ಬಿಣದ ಕ್ಲ್ಯಾಂಪ್ ಕೊಟ್ಟು ಕ್ರಮವನ್ನೂ ಹೇಳಿದ. ಮೊದಲು ಲೈಟರ್ ಉರಿಯನ್ನು ಪ್ಲಾಸ್ಟಿಕ್ಕಿನ ಮೇಲೆ ಹಗುರಾಗಿ ಓಡಿಸಬೇಕು, ಸುಡಬಾರದು. ಎರಡೂ ಕಡೆ ಗಮ್ ಹಚ್ಚಿ, ಬೆರಳಿಗೆ ಅಂಟದಷ್ಟು ಆರಿದ ಮೇಲೆ ಕೂಡಿಸಬೇಕು. ಕ್ಲ್ಯಾಂಪ್ ಬಿಗಿದು ಒಂದು ದಿನ ಮುಟ್ಟಬಾರದು. ಮುಟ್ಟದಿರುವುದೇ ಕಷ್ಟದ ಕೆಲಸ.

ಮೇ 3, ಸಂಜೆ
ಪಕ್ಕೆಯ ಎರಡೂ ಹಿಡಿದವು. ಐದು ಲೀಟರಿನ ನೀರಿನ ಕ್ಯಾನ್ ತೂಗುಹಾಕಿದೆ. ಅಲುಗಲಿಲ್ಲ. ಒಬ್ಬಳೇ ಕುಣಿದೆ.

ಭುಜದ್ದು ಬಾಕಿ. ಅಲ್ಲಿ ಕವಚ ಬಾಗಿದೆ, ಕ್ಲ್ಯಾಂಪ್ ಜಾರುತ್ತದೆ.

ಮೇ 5
ಕಿತ್ತಿತು.

ಮೇ 7
ಮತ್ತೆ ಕಿತ್ತಿತು. ಬಿಡುವುದಿಲ್ಲ.

ಮೇ 10
ನಿಂತಿತು. ಜೋಳ ತುಂಬಿದ ಸಣ್ಣ ಚೀಲ ಬಕಲ್ ಪಟ್ಟಿಯ ಮೇಲಿಟ್ಟು, ಅದರ ಮೇಲೆ ಕ್ಲ್ಯಾಂಪ್ ಬಿಗಿದೆ. ಬಾಗಿದ ಜಾಗಕ್ಕೆ ಜೋಳ ತಾನೇ ಒತ್ತಿ ಕೂತಿತು. ಕ್ಯಾನ್ ಇನ್ನೂ ತೂಗುತ್ತಿದೆ, ನೋಡುತ್ತಾ ಕೂತಿದ್ದೇನೆ.

ಮೇ 12, ಸಂಜೆ 6.40
ಅವ್ವನಿಗೆ ತೊಡಿಸಿದೆ. ಮೂರೂ ಬಕಲ್ ಎರಡೆರಡು ಸಲ ಎಳೆದು ನೋಡಿದೆ. ಅವಳು ನನ್ನ ಕೈ ಸರಿಸಿದಳು.

ಮೇ 13, ಬೆಳಿಗ್ಗೆ 7
ಮರೆಯುವ ಮುನ್ನ ಬರೆಯಬೇಕು. ಯುದ್ಧ ಮುಗಿದು ಅವ್ವ ಹೆಣಗಳ ನಡುವೆ ನಿಂತಳು. ಮೊದಲನೆಯದು — ಟಕ್. ಎರಡನೆಯದು — ಟಕ್. ಎಡಗೈ ಭುಜಕ್ಕೆ ಹೋಯಿತು. ಒತ್ತಿದಳು. ಬಿಚ್ಚಲಿಲ್ಲ. ಬೆವರಿಗೆ ಬೆರಳು ಜಾರುತ್ತಿತ್ತು. ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

ಪರದೆಯ ಮರೆಯಲ್ಲಿ ದೇವಾನಂದ ಪರಸಪ್ಪನಿಗೆ ಸನ್ನೆ ಮಾಡಿದ. ಪರಸಪ್ಪ ಹೆಜ್ಜೆ ಎತ್ತಿದ್ದೇ ತಡ, ಅವನ ಅಂಗಿ ಹಿಡಿದೆ. ಶಿವಾಜಿಯಣ್ಣನ ಕ್ಲ್ಯಾಂಪಿನ ಹಿಡಿತ.

"ನಿಂದ್ರು. ಅಕಿ ಬಿಚ್ಚತಾಳ."

ಅವ್ವ ಬೆರಳನ್ನು ಧೋತರಕ್ಕೆ ಒರೆಸಿಕೊಂಡಳು, ಅವಸರವಿಲ್ಲದೆ. ಮತ್ತೆ ಭುಜಕ್ಕೆ ಕೈ.

ಟಕ್.

ಕವಚ ನೆಲಕ್ಕೆ ಬಿತ್ತು. ಅವ್ವ ಅತ್ತಳು. ನಾನೂ ಅತ್ತೆ. ಯಾರೂ ನಗಲಿಲ್ಲ.

ಪರಸಪ್ಪನ ಅಂಗಿಯ ಗುಂಡಿ ನನ್ನ ಕೈಯಲ್ಲೇ ಉಳಿದಿದೆ. ಹೊಲಿದು ಕೊಡಬೇಕು.

ಓಣಿಯ ಹೆಂಗಸರು ಅಂಗಳಕ್ಕೆ ಬಂದಿದ್ದಾರೆ. ಇನ್ನೊಮ್ಮೆ ತೊಟ್ಟು ತೋರಿಸು ಎಂದು ಅವ್ವನ ಬೆನ್ನು ಬಿದ್ದಿದ್ದಾರೆ.

"ನಾ ತೊಡೂದಿಲ್ಲ. ಬೇಕಾದ್ರ ಬಿಚ್ಚೂದು ಕಲಸ್ತೇನಿ, ಬರ್ರಿ."

ಯಾರಿಗೋ ತೊಡಿಸಿದಂತಿದೆ. ಟಕ್. ಟಕ್. ಮೂರನೆಯದಕ್ಕೆ ಪೆನ್ನು ಎತ್ತಿ ಹಿಡಿದು ಕಾಯುತ್ತಿದ್ದೇನೆ.